ಬಿಟ್ಟಾಗ ಹುಟ್ಟುವ ಕಿಡಿ

ಇಂಡಿಯಿಂದ ಅಗರಖೇಡದ ಕಡೆಗೆ ಹೊರಟ 1965ರ ಅಂಬಾಸಡರ್ ಒಂದನ್ನು ಕಣ್ಣೆದುರು ತಂದುಕೊಳ್ಳಿ. ಏಪ್ರಿಲ್ ತಿಂಗಳು, ಮಧ್ಯಾಹ್ನದ ಹೊತ್ತು, ಬಿಸಿಲು ನಲವತ್ತು ಡಿಗ್ರಿ ದಾಟಿದೆ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸುರುವಾದ ಗಾಡಿ, ಇನ್ನೇನು ಭೀಮೆಯ ದಂಡೆ ಕಂಡಿತು ಅನ್ನುವಾಗ ನಿಂತುಬಿಡುತ್ತದೆ. ಸೆಲ್ಫ್ ಹೊಡೆದರೆ ಎಂಜಿನ್ ಗರಗರ ತಿರುಗುತ್ತದೆಯೇ ಹೊರತು ಹೊತ್ತಿಕೊಳ್ಳುವುದಿಲ್ಲ. ಲಿಂಬೆ ತೋಟದ ನೆರಳಿಗೆ ತಳ್ಳಿ ಒಂದು ತಾಸು ಬಿಟ್ಟು ನೋಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ಸುರುವಾಗುತ್ತದೆ. ಸುತ್ತ ಸೇರಿದವರಲ್ಲಿ ಕೆಲವರು ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಕಟ್ಟಿಕೊಂಡಿತ್ತು ಅನ್ನುತ್ತಾರೆ, ಉಳಿದವರು "ಪ್ಲಗ್ಗಿಗೆ ಕರೆಂಟ್ ಬಂದಿರಲಿಕ್ಕಿಲ್ಲ" ಅನ್ನುತ್ತಾರೆ. ನಮ್ಮ ಸೀಮೆಯ ಬಿಸಿಲಿಗೆ ಎರಡೂ ಆಗುವಂಥವೇ.

ಯಾವುದು ನಿಜ ಎಂಬುದಕ್ಕೆ ಮೊದಲ ಸುಳಿವು ಗಾಡಿ ನಿಂತ ರೀತಿಯಲ್ಲೇ ಇರುತ್ತದೆ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಒಂದಿಷ್ಟು ಪೆಟ್ರೋಲ್ ಸದಾ ಇರುತ್ತದೆ. ಹಿಂದಿನಿಂದ ಬರುವುದು ನಿಂತರೂ ಬಟ್ಟಲು ಬರಿದಾಗುವವರೆಗೆ ಎಂಜಿನ್ ಎಳೆಯುತ್ತದೆ, ಆಮೇಲೆ ಮುಗ್ಗರಿಸಿ, ಒಮ್ಮೆ ಚೇತರಿಸಿಕೊಂಡು, ಮತ್ತೆ ಸೊರಗಿ ನಿಲ್ಲುತ್ತದೆ. ಕಿಡಿಗೆ ಅಂಥ ದಾಸ್ತಾನು ಇಲ್ಲ. ಒಂದು ಕಿಡಿ ತಪ್ಪಿದರೆ ಆ ಹೊಡೆತ ತಪ್ಪಿದಂತೆಯೇ. ಎಲ್ಲ ಕಿಡಿಗಳೂ ಒಮ್ಮೆಗೇ ಹೋದರೆ ಚಾವಿ ತಿರುಗಿಸಿ ಬಂದ್ ಮಾಡಿದಂತೆ ಎಂಜಿನ್ ಸತ್ತುಬೀಳುತ್ತದೆ. ನಮ್ಮ ಅಂಬಾಸಡರ್ ನಿಂತದ್ದು ಹಾಗೆ. ಆದ್ದರಿಂದ ಕಿಡಿಯ ದಾರಿಯನ್ನೇ ಹಿಡಿಯೋಣ.

ಅದಕ್ಕೂ ಮುಂಚೆ ಇಂಥ ಹಳೆಯ ಗಾಡಿಗಳ ಬಗ್ಗೆ ಒಂದೆರಡು ಮಾತು. ದೇಶದ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ಕಾರು ವಿಂಟೇಜ್. ಅದರ ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳಾದ ಮೇಲೆ 'ವಿಎ' ಎಂದು ಬರುತ್ತದೆ. ಹಾಗೆ ನೋಡಿದರೆ ಒಂದು ಕಾಲದಲ್ಲಿ ನಮ್ಮ ಊರುಗಳಲ್ಲಿ ಓಡಾಡಿದ ಅಂಬಾಸಡರುಗಳು, ಫಿಯೆಟ್ಟುಗಳು, ವಿಲ್ಲೀಸ್ ಜೀಪುಗಳು ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ನಿಂತ ಗಾಡಿಗಳ ಪಂಕ್ತಿಗೇ ಸೇರುತ್ತವೆ. ಅಂಬಾಸಡರ್ ಬಂಗಾಳದ ಉತ್ತರಪಾಡಾದಿಂದ ಬಂದರೆ ಫಿಯೆಟ್ ಬಂದದ್ದು ಮುಂಬಯಿಯ ಕುರ್ಲಾದಿಂದ. ಆ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು 1944ರಲ್ಲಿ ಕಟ್ಟಿದ ವಾಲಚಂದ್ ಹೀರಾಚಂದ್ ಹುಟ್ಟಿದ್ದು ಅಗರಖೇಡದವರು ಸಂತೆಗೂ ದವಾಖಾನೆಗೂ ಹೋಗಿಬರುವ ಸೊಲ್ಲಾಪುರದಲ್ಲಿ. ಭಾರತದಲ್ಲೇ ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಅವರ ಜೊತೆ ಹಟ ಹಿಡಿದು ದುಡಿದವರು ನಮ್ಮ ವಿಶ್ವೇಶ್ವರಯ್ಯನವರು. ಮೈಸೂರು ಸಂಸ್ಥಾನಕ್ಕೆ ಕಾರಿನ ಕಾರ್ಖಾನೆ ಬರಲಿಲ್ಲ. 1940ರಲ್ಲಿ ಅದೇ ವಾಲಚಂದ್ ಸಂಸ್ಥಾನದೊಡನೆ ಸೇರಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ತೆರೆದರು. ಅದೇ ಇಂದಿನ ಎಚ್‌ಎಎಲ್.

ಈಗ ಬಾನೆಟ್ ಎತ್ತೋಣ. ಬ್ಯಾಟರಿ ಕೊಡುವುದು 12 ವೋಲ್ಟ್. ಸಿಲಿಂಡರಿನ ಒಳಗೆ ಒತ್ತಿಹಿಡಿದ ಪೆಟ್ರೋಲ್-ಗಾಳಿಯ ಮಿಶ್ರಣದ ನಡುವೆ, ಪ್ಲಗ್ಗಿನ ತುದಿಯ ಅರ್ಧ ಮಿಲಿಮೀಟರ್ ಚಿಲ್ಲರೆಯ ಸಂದನ್ನು ಕಿಡಿ ಹಾರಬೇಕಾದರೆ ಹತ್ತು ಸಾವಿರ ವೋಲ್ಟಿನ ಆಸುಪಾಸು ಬೇಕು. ಈ ಅಂತರವನ್ನು ತುಂಬುವುದು ಹಿತ್ತಾಳೆಯ ಮೊಳೆಗಳಿರುವ, ಮುಷ್ಟಿಗಾತ್ರದ ಒಂದು ಡಬ್ಬಿ. ಅದೇ ಇಗ್ನಿಷನ್ ಕಾಯಿಲ್. ಕಬ್ಬಿಣದ ತಿರುಳಿನ ಮೇಲೆ ದಪ್ಪ ತಂತಿಯ ಕೆಲವು ನೂರು ಸುತ್ತು, ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತು. ಎರಡಕ್ಕೂ ಸುಮಾರು ನೂರು ಪಟ್ಟು ಅಂತರ. ಕಾಂತಕ್ಷೇತ್ರ ಬದಲಾದರೆ ಪಕ್ಕದ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿದರು. ಐದು ವರ್ಷದಲ್ಲಿ ಐರ್ಲೆಂಡಿನ ಪಾದ್ರಿ ನಿಕೊಲಸ್ ಕ್ಯಾಲನ್ ಇಂಥ ಕಾಯಿಲನ್ನು ಕಟ್ಟಿಯೇಬಿಟ್ಟರು.

ಇಲ್ಲೊಂದು ಮಾತು ಗಟ್ಟಿಯಾಗಿ ಮನಸ್ಸಿಗೆ ಕೂರಬೇಕು, ಯಾಕೆಂದರೆ ಮುಂದಿನ ಪರೀಕ್ಷೆಗಳೆಲ್ಲ ಅದರ ಮೇಲೆಯೇ ನಿಂತಿವೆ. ಕಾಯಿಲಿಗೆ ಕರೆಂಟ್ ಕೊಟ್ಟಾಗ ಕಿಡಿ ಬರುವುದಿಲ್ಲ, ಕೊಟ್ಟ ಕರೆಂಟನ್ನು ಕಡಿದಾಗ ಬರುತ್ತದೆ. ಭೀಮೆಯಿಂದ ಹೊಲಕ್ಕೆ ಪೈಪ್‌ಲೈನ್ ಹಾಕಿದವರಿಗೆ ಇದು ಹೊಸದಲ್ಲ. ಉದ್ದನೆಯ ಪೈಪಿನಲ್ಲಿ ನೀರು ರಭಸದಿಂದ ಹರಿಯುವಾಗ ವಾಲ್ವನ್ನು ಒಮ್ಮೆಗೇ ಮುಚ್ಚಿದರೆ ಪೈಪ್ ದಡ್ಡೆಂದು ಬಡಿದುಕೊಳ್ಳುತ್ತದೆ, ಕೆಲವೊಮ್ಮೆ ಜೋಡಣೆಯೇ ಕಿತ್ತುಹೋಗುತ್ತದೆ. ಮೋಟರಿಗೆ ಅಷ್ಟು ಒತ್ತಡ ಹುಟ್ಟಿಸುವ ತಾಕತ್ತಿಲ್ಲ, ಒತ್ತಡ ಹುಟ್ಟಿದ್ದು ಹರಿಯುತ್ತಿದ್ದ ನೀರನ್ನು ತಟ್ಟನೆ ತಡೆದದ್ದರಿಂದ. ಕಾಯಿಲಿನ ದಪ್ಪ ತಂತಿಯ ರೋಧ ಸುಮಾರು 3 ಓಮ್, ಹಾಗಾಗಿ 12 ವೋಲ್ಟಿಗೆ ಹೆಚ್ಚೆಂದರೆ 4 ಆಂಪಿಯರ್ ಹರಿಯುತ್ತದೆ. ಅದು ಕಟ್ಟಿದ ಕಾಂತಕ್ಷೇತ್ರದಲ್ಲಿ ಕೂಡಿಡುವ ಶಕ್ತಿ ಐವತ್ತು ಮಿಲಿಜೂಲಿನ ಅಂದಾಜು, ಅಂದರೆ ಒಂದು ಕಿಲೋ ತೂಕವನ್ನು ಐದು ಮಿಲಿಮೀಟರ್ ಎತ್ತಲು ಬೇಕಾಗುವಷ್ಟು. ಇಷ್ಟೇ ಇಷ್ಟು ಶಕ್ತಿ ಕಣ್ಣು ಮಿಟುಕಿಸುವುದಕ್ಕಿಂತ ಬಹಳ ಬೇಗ ಕುಸಿಯುತ್ತದೆ ಎಂಬುದರಿಂದಲೇ ಸಾವಿರಾರು ವೋಲ್ಟ್ ಹುಟ್ಟುತ್ತದೆ.

ಕಡಿಯುವ ಕೆಲಸ ಪಾಯಿಂಟುಗಳದು. ಡಿಸ್ಟ್ರಿಬ್ಯೂಟರಿನ (ಹಳೆಯ ಮೇಸ್ತ್ರಿಗಳ ಬಾಯಲ್ಲಿ ಡೆಲ್ಕೊ) ಮುಚ್ಚಳ ತೆಗೆದರೆ ನಡುವಿನ ದಂಡ, ಅದರ ಮೇಲೆ ನಾಲ್ಕು ಏಣಿನ ಕ್ಯಾಮ್, ಪಕ್ಕದಲ್ಲಿ ಎದುರುಬದುರಾಗಿ ಕೂತ ಎರಡು ಟಂಗ್‌ಸ್ಟನ್ ಗುಬುಟುಗಳು ಕಾಣುತ್ತವೆ. ಕ್ಯಾಮಿನ ಏಣು ಬಂದಾಗ ಗುಬುಟುಗಳು ಅಗಲುತ್ತವೆ, ಹೋದಾಗ ಕೂಡುತ್ತವೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ನಾಲ್ಕು ಸಿಲಿಂಡರಿಗೆ ಸೆಕೆಂಡಿಗೆ ನೂರು ಕಿಡಿ ಬೇಕು, ಅಂದರೆ ಈ ಪುಟ್ಟ ಜೋಡಿ ಸೆಕೆಂಡಿಗೆ ನೂರು ಸಲ ಅಗಲಿ ನೂರು ಸಲ ಕೂಡಬೇಕು. ಪ್ರತಿ ಸಲವೂ ಕಾಯಿಲನ್ನು ತುಂಬಿಸಲು ಸಿಗುವ ಹೊತ್ತು ಆರೇಳು ಮಿಲಿಸೆಕೆಂಡ್ ಮಾತ್ರ. ಪಾಯಿಂಟ್ ಕರಕಲಾಗಿ ಒಂದೆರಡು ಓಮ್ ರೋಧ ಸೇರಿಕೊಂಡರೂ ಕಾಯಿಲಿಗೆ ಸಿಗುವ ಕರೆಂಟ್ ಇಳಿಯುತ್ತದೆ, ಶಕ್ತಿ ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಕರೆಂಟ್ ಅರ್ಧವಾದರೆ ಕಿಡಿಗೆ ಉಳಿಯುವುದು ಕಾಲುಭಾಗ. ಸಣ್ಣ ಕಪ್ಪು ಕಲೆಯೊಂದು ಗಾಡಿಯನ್ನು ಏರಿನಲ್ಲಿ ಏದುಸಿರು ಬಿಡಿಸುವುದು ಹೀಗೆ.

ಪಾಯಿಂಟಿನ ಪಕ್ಕದಲ್ಲಿ, ಸಣ್ಣ ತವರದ ಕೊಳವೆಯಂತೆ ಕಾಣುವ ಕಂಡೆನ್ಸರ್ ಇರುತ್ತದೆ. ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಅದು, ಅತಿ ಹೆಚ್ಚು ಮಂದಿ ತಪ್ಪು ತಿಳಿದಿರುವುದೂ ಅದನ್ನೇ. ಪಾಯಿಂಟ್ ಸುಡದಂತೆ ಕಾಯಲು ಅದನ್ನು ಇಟ್ಟಿದ್ದಾರೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮಾತು ಸುಳ್ಳಲ್ಲ, ಆದರೆ ಅರ್ಧ. ಪಾಯಿಂಟ್ ಅಗಲತೊಡಗಿದ ಕ್ಷಣದಲ್ಲಿ, ಹರಿಯುತ್ತಿದ್ದ ಕರೆಂಟ್ ನಿಲ್ಲಲು ಒಪ್ಪುವುದಿಲ್ಲ. ಕೂದಲೆಳೆಯಷ್ಟು ಸಂದಿನಲ್ಲೇ ಜ್ವಾಲೆಯಾಗಿ ಹಾರಿ ಹರಿಯುತ್ತಲೇ ಇರುತ್ತದೆ. ಆಗ ಕಡಿತ ತಟ್ಟನೆ ಆಗುವುದಿಲ್ಲ. ಕಾಂತಕ್ಷೇತ್ರ ನಿಧಾನವಾಗಿ ಕುಸಿಯುತ್ತದೆ, ಪ್ಲಗ್ಗಿಗೆ ಏನೂ ತಲುಪುವುದಿಲ್ಲ. 1853ರಲ್ಲಿ ಫ್ರಾನ್ಸಿನ ಅರ್ಮಾಂಡ್ ಫಿಜೊ ಕಾಯಿಲಿನ ಕಡಿತದ ಜಾಗದಲ್ಲಿ ಕಂಡೆನ್ಸರ್ ಜೋಡಿಸಿದಾಗ ಕಿಡಿ ಏಕ್‌ದಂ ಬಲಿಯಿತು. ಬೆಳಕಿನ ವೇಗವನ್ನು ಹಲ್ಲುಚಕ್ರ ತಿರುಗಿಸಿ ಅಳೆದ ಅದೇ ಫಿಜೊ. ಕರೆಂಟ್ ಕಂಡೆನ್ಸರಿನೊಳಗೆ ಹರಿದುಕೊಳ್ಳುವಷ್ಟು ಹೊತ್ತಿನಲ್ಲಿ ಪಾಯಿಂಟುಗಳು ಜ್ವಾಲೆ ಹಾರಲಾರದಷ್ಟು ದೂರ ಸರಿದಿರುತ್ತವೆ. ಅಂದಮೇಲೆ ಕಂಡೆನ್ಸರ್ ಕಡಿತವನ್ನು ಚೊಕ್ಕಟ ಮಾಡುವ ಸಾಧನ. ಅದು ಸತ್ತರೆ ಕಿಡಿಯೂ ಸತ್ತಂತೆಯೇ.

ಹೀಗಾಗಿ ಪಾಯಿಂಟನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡುವುದು ಮೇಲು. ತಿಳಿಬೂದು ಬಣ್ಣ, ಮೈ ತುಸು ಒರಟು ಇದ್ದರೆ ಕೆಲಸ ಸರಿ ನಡೆದಿದೆ. ಒಂದರಲ್ಲಿ ಗುಳಿ ಬಿದ್ದು ಇನ್ನೊಂದರಲ್ಲಿ ಅದಕ್ಕೆ ಸರಿಯಾಗಿ ಮೊಳಕೆಯಂಥ ಉಬ್ಬು ಎದ್ದಿದ್ದರೆ ಲೋಹವೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿದೆ ಎಂದರ್ಥ. ಕಂಡೆನ್ಸರಿನ ಧಾರಣಶಕ್ತಿ ಸುಮಾರು 0.2 ಮೈಕ್ರೋಫ್ಯಾರಡ್ ಇರಬೇಕಾದ್ದು ಏರುಪೇರಾಗಿರುತ್ತದೆ. ನೀಲಿಗಪ್ಪು ಸುಟ್ಟಕಲೆ, ಅದರ ಕೆಳಗೆ ತಟ್ಟೆಯ ಮೇಲೆ ಎಣ್ಣೆಯ ಮಸಿಗೆರೆ ಕಂಡರೆ ಕ್ಯಾಮಿಗೆ ಗ್ರೀಸ್ ಜಾಸ್ತಿ ಬಿದ್ದಿದೆ. ಉಬ್ಬನ್ನು ಫೈಲಿನಿಂದ ಉಜ್ಜಿ ಗಾಡಿ ಓಡಿಸುವುದು ಊರು ಸೇರುವ ಮಟ್ಟಿಗೆ ಸರಿ. ಆದರೆ ಕಂಡೆನ್ಸರ್ ಬದಲಿಸದೆ ಪಾಯಿಂಟ್ ಮಾತ್ರ ಹೊಸದು ಹಾಕಿದರೆ ಅದೇ ಗುಳಿ, ಅದೇ ಉಬ್ಬು ಮತ್ತೆ ಬರುತ್ತವೆ.

ರಸ್ತೆಬದಿಯ ಪರೀಕ್ಷೆಗೆ ಎರಡು ತಂತಿ ಕಟ್ಟಿದ ಒಂದು 12 ವೋಲ್ಟ್ ಬಲ್ಬು ಸಾಕು. ಗಾಡಿ ನ್ಯೂಟ್ರಲ್ಲಿನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಬಲ್ಬಿನ ಒಂದು ತಂತಿ ಎಂಜಿನ್ನಿನ ಮೈಗೆ, ಇನ್ನೊಂದು ಕಾಯಿಲಿನ ಚಾವಿ ಕಡೆಯ ಮೊಳೆಗೆ. ಲೂಕಾಸ್ ಮಾದರಿಯ ಹಳೆಯ ಕಾಯಿಲುಗಳಲ್ಲಿ ಆ ಮೊಳೆಯ ಹತ್ತಿರ 'ಎಸ್‌ಡಬ್ಲ್ಯು' ಎಂದಿರುತ್ತದೆ, ಪಾಯಿಂಟಿನ ಕಡೆಯದಕ್ಕೆ 'ಸಿಬಿ' ಎಂದು. ಚಾವಿ ಹಾಕಿದಾಗ ಮೊದಲನೆಯದರಲ್ಲಿ ಬಲ್ಬು ಹತ್ತದಿದ್ದರೆ ದೋಷ ಬ್ಯಾಟರಿ, ಚಾವಿ, ವೈರಿನ ಕಡೆಗಿದೆ. ಕಾಯಿಲಿನಿಂದ ಮುಂದಿನದನ್ನು ಮುಟ್ಟಬೇಕಾಗಿಯೇ ಇಲ್ಲ. ಹತ್ತಿದರೆ ತಂತಿಯನ್ನು ಎರಡನೆಯ ಮೊಳೆಗೆ ಸರಿಸಿ, ಮುಂದಿನ ಹ್ಯಾಂಡಲ್ಲಿನಿಂದ ಎಂಜಿನ್ನನ್ನು ನಿಧಾನವಾಗಿ ತಿರುಗಿಸಬೇಕು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಜೊತೆಗೇ ಇರಲಿ, ಎಂಜಿನ್ ಹಿಮ್ಮುಖ ಒದ್ದರೆ ಕೈ ಮುರಿಯುವುದು ಹೆಬ್ಬೆರಳು ಸುತ್ತಿ ಹಿಡಿದವರದು.

ತಿರುಗಿಸುತ್ತ ಹೋದಂತೆ ಬಲ್ಬು ಹತ್ತಿ ಆರಿ, ಹತ್ತಿ ಆರಿ ಆಡಬೇಕು. ಪಾಯಿಂಟ್ ಅಗಲಿದಾಗ ಹತ್ತುತ್ತದೆ, ಕೂಡಿದಾಗ ಕರೆಂಟೆಲ್ಲ ಪಾಯಿಂಟಿನ ಮೂಲಕ ಮೈಗೆ ಇಳಿಯುವುದರಿಂದ ಆರುತ್ತದೆ. ಒಂದೇ ಸಮನೆ ಹತ್ತಿಯೇ ಇದ್ದರೆ ಪಾಯಿಂಟ್ ಕೂಡುತ್ತಿಲ್ಲ, ಇಲ್ಲವೇ ಕೂಡಿದರೂ ಮೈಲಿಗೆಯಿಂದ ಕರೆಂಟ್ ದಾಟುತ್ತಿಲ್ಲ. ಹತ್ತದೇ ಇದ್ದರೆ ಎರಡು ಸಾಧ್ಯತೆ: ಕಾಯಿಲಿನ ಒಳತಂತಿ ಕಡಿದಿದೆ, ಅಥವಾ ಡಿಸ್ಟ್ರಿಬ್ಯೂಟರಿನಲ್ಲಿ ಎಲ್ಲೋ ಮೈಗೆ ತಾಗಿದೆ. ಆ ಮೊಳೆಯಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ವೈರನ್ನು ಬಿಚ್ಚಿ ನೋಡಿ. ಈಗ ಬಲ್ಬು ಹತ್ತಿದರೆ ಕಾಯಿಲಿನ ತಂತಿ ಸರಿಯಿದೆ, ಕಳ್ಳ ಡಿಸ್ಟ್ರಿಬ್ಯೂಟರಿನೊಳಗಿದ್ದಾನೆ. ಕಂಡೆನ್ಸರ್ ಒಳಗೇ ಶಾರ್ಟ್ ಆಗಿರುವುದು, ಪಾಯಿಂಟಿನ ಸ್ಪ್ರಿಂಗಿನ ಕೆಳಗಿನ ಸಣ್ಣ ನಾರು ವಾಷರನ್ನು ಜೋಡಿಸುವವರು ಮರೆತಿರುವುದು, ಇವೆರಡು ಅಲ್ಲಿ ಮೇಲಿಂದ ಮೇಲೆ ಸಿಗುತ್ತವೆ. ಬಲ್ಬು ಹತ್ತಿಯೇ ಇರುವುದಕ್ಕೆ ಕಾರಣವಾಗುವ ಇನ್ನೊಂದು ದೋಷ ಕಣ್ಣಿಗೆ ಬೀಳುವುದೇ ಇಲ್ಲ. ಪಾಯಿಂಟ್ ಕೂತ ತಟ್ಟೆಯಿಂದ ಡಿಸ್ಟ್ರಿಬ್ಯೂಟರಿನ ಮೈಗೆ ಬಟ್ಟೆಯ ಹೊದಿಕೆಯ ಮೆತ್ತನೆಯ ವೈರೊಂದು ಇರುತ್ತದೆ. ಎಂಜಿನ್ನಿನ ಮೇಲಿನ ಭಾರಕ್ಕೆ ತಕ್ಕಂತೆ ತಟ್ಟೆ ಅಲುಗುವಾಗೆಲ್ಲ ಆ ವೈರು ಮಡಚಿ ಬಿಚ್ಚಿಕೊಳ್ಳುತ್ತ, ವರ್ಷಗಳ ಮೇಲೆ ಹೊದಿಕೆಯ ಒಳಗೇ ಹರಿದಿರುತ್ತದೆ. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಮೆಲ್ಲಗೆ ಎಳೆದು ನೋಡಿದರೆ ಹೊದಿಕೆ ರಬ್ಬರಿನಂತೆ ಹಿಗ್ಗುತ್ತದೆ.

ಬಲ್ಬು ಸರಿಯಾಗಿ ಆಡಿದರೆ ಕಡಿತದ ಕಡೆ ಸರಿ. ಈಗ ಕಾಯಿಲಿನ ನಡುವಿನ ದಪ್ಪ ವೈರನ್ನು ಡಿಸ್ಟ್ರಿಬ್ಯೂಟರಿನ ಮುಚ್ಚಳದಿಂದ ಕಿತ್ತು, ಒಣಗಿದ, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ತುದಿಯನ್ನು ಎಂಜಿನ್ನಿನ ಕಬ್ಬಿಣದಿಂದ ಐದಾರು ಮಿಲಿಮೀಟರ್ ದೂರ ಇಟ್ಟು ಸೆಲ್ಫ್ ಹೊಡೆಸಬೇಕು. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಈ ಪರೀಕ್ಷೆಯನ್ನು ಮಾಡಲೇಬಾರದು. ನೀಲಿಯ, ಚಟ್ ಚಟ್ ಎಂದು ಸದ್ದು ಮಾಡುವ ಕಿಡಿ ಬಂದರೆ ಕಾಯಿಲ್ ಜೀವಂತ. ತೆಳ್ಳಗೆ ಹಳದಿಯಾಗಿ, ತಡೆತಡೆದು ಬಂದರೆ ಮೊದಲು ಕಂಡೆನ್ಸರ್ ಬದಲಿಸಿ ನೋಡಿ, ಆಮೇಲೆ ಕಾಯಿಲ್. ವೈರನ್ನು ಗಾಳಿಯಲ್ಲಿ ನೇತಾಡಲು ಬಿಟ್ಟು ಸೆಲ್ಫ್ ಹೊಡೆಯುವುದು ದೊಡ್ಡ ತಪ್ಪು. ಹೊರಗೆ ಹಾದಿ ಸಿಗದ ವೋಲ್ಟೇಜ್ ಕಾಯಿಲಿನೊಳಗಿನ ಹೊದಿಕೆಯನ್ನೇ ತೂತು ಮಾಡಿಕೊಂಡು ಹೋಗುತ್ತದೆ.

ಬಿಸಿಲಲ್ಲಿ ನಿಂತು ನೆರಳಲ್ಲಿ ಸುರುವಾಗುವ ಗಾಡಿಯ ಗುಟ್ಟು ಇರುವುದೂ ಬಹುತೇಕ ಕಾಯಿಲ್, ಕಂಡೆನ್ಸರ್ ಈ ಎರಡರಲ್ಲೇ. ಕಾಯಿಲಿನ ಎಳೆತಂತಿಯಲ್ಲಿ ಎಲ್ಲೋ ಒಂದು ಕಡೆ ಬಿರುಕಿದ್ದರೆ ಕಾದಾಗ ಹಿಗ್ಗಿ ಬಿಡುತ್ತದೆ, ತಣಿದಾಗ ಕೂಡುತ್ತದೆ. ಕಂಡೆನ್ಸರಿನ ಪದರಗಳ ನಡುವಿನ ಕಾಗದ ಬಿಸಿಯಲ್ಲಿ ಕರೆಂಟನ್ನು ಸೋರಬಿಡುತ್ತದೆ. ಹಾಗಾಗಿ ಇದನ್ನು ಗಾಡಿ ನಿಂತ ಹೊತ್ತಿನಲ್ಲಿ, ಬಿಸಿಯಿರುವಾಗಲೇ ಪರೀಕ್ಷಿಸಬೇಕು. ಗ್ಯಾರೇಜಿಗೆ ಎಳೆದೊಯ್ದು ಮರುದಿನ ಬೆಳಿಗ್ಗೆ ನೋಡಿದರೆ ಎಲ್ಲವೂ ಸರಿಯಿರುತ್ತದೆ, ಪಾಪದ ಕಾರ್ಬ್ಯುರೇಟರನ್ನು ಬಿಚ್ಚುತ್ತಾರೆ. ಕಾಯಿಲ್ ಕೈ ಸುಡುತ್ತಿದೆ ಎಂಬುದೊಂದೇ ದೋಷದ ಸಾಕ್ಷಿಯಲ್ಲ. ಎಂಜಿನ್ ನಿಂತಾಗ ಪಾಯಿಂಟ್ ಕೂಡಿದ್ದು ಚಾವಿ ಹಾಕಿಯೇ ಇದ್ದರೆ 12 ವೋಲ್ಟ್, 4 ಆಂಪಿಯರ್, ಒಟ್ಟು 48 ವ್ಯಾಟ್ ಆ ಡಬ್ಬಿಯೊಳಗೇ ಸುಮ್ಮನೆ ಉರಿಯುತ್ತಿರುತ್ತದೆ. ಹಾಡು ಕೇಳಲೆಂದು ಚಾವಿ ಹಾಕಿಟ್ಟು ಕೂತವರ ಕಾಯಿಲುಗಳು ಹೋಗುವುದು ಹೀಗೆಯೇ.

ಕಾಯಿಲಿನಿಂದ ಹೊರಟ ಕಿಡಿ ಡಿಸ್ಟ್ರಿಬ್ಯೂಟರಿನ ಮುಚ್ಚಳದ ನಡುವೆ ಇಳಿದು, ರೋಟರಿನ ತುದಿಯಿಂದ 1-3-4-2ರ ಸರದಿಯಲ್ಲಿ ನಾಲ್ಕು ಪ್ಲಗ್ಗುಗಳಿಗೆ ಹಂಚಿಹೋಗುತ್ತದೆ. ಮುಚ್ಚಳದ ಒಳಮೈಯಲ್ಲಿ ಪೆನ್ಸಿಲ್ಲಿನಲ್ಲಿ ಎಳೆದಂತೆ ಕಪ್ಪು ಗೆರೆ ಕಂಡರೆ ಅದು ಕಿಡಿ ಕಳ್ಳದಾರಿ ಮಾಡಿಕೊಂಡ ಗುರುತು. ಎರೆಭೂಮಿಯ ಧೂಳು ಒಳಗೆ ಕೂತು, ಮಳೆಗಾಲದ ತೇವ ಸೇರಿದರೆ ಇಂಥ ಗೆರೆ ಬೇಗ ಬೀಳುತ್ತದೆ. ಒಮ್ಮೆ ಬಿದ್ದ ಗೆರೆ ಇಂಗಾಲವಾದ್ದರಿಂದ ತಾನೇ ಕರೆಂಟ್ ಒಯ್ಯುತ್ತದೆ, ಎಷ್ಟು ಒರೆಸಿದರೂ ಹೋಗುವುದಿಲ್ಲ. ಮುಚ್ಚಳವನ್ನೇ ಬದಲಿಸಬೇಕು. ಹಳೆಯ ವೈರುಗಳ ಸೋರಿಕೆ ನೋಡಲು ಅಮಾವಾಸ್ಯೆಯ ಕತ್ತಲಿಗಿಂತ ಒಳ್ಳೆಯ ಮೀಟರ್ ಇಲ್ಲ. ದೀಪವಿಲ್ಲದ ಕಡೆ ಎಂಜಿನ್ ಓಡಿಸಿ ಬಾನೆಟ್ ಎತ್ತಿದರೆ, ಬಿರಿದ ರಬ್ಬರಿನ ಉದ್ದಕ್ಕೂ ನೀಲಿ ಮಿಣುಕು ಹರಿದಾಡುವುದು ಕಣ್ಣಿಗೇ ಕಾಣುತ್ತದೆ.

ಪ್ಲಗ್ಗಿನ ಮಾತಿಗೆ ಬಂದರೆ ಕನ್ನಡ ನಾಡಿಗೆ ಒಂದು ವಿಶೇಷ ನಂಟಿದೆ. 1902ರಲ್ಲಿ ಜರ್ಮನಿಯ ರಾಬರ್ಟ್ ಬಾಷ್ ಕಾರ್ಖಾನೆಯಲ್ಲಿ ಗಾಟ್ಲೋಬ್ ಹೊನೊಲ್ಡ್ ಎಂಬ ಎಂಜಿನಿಯರ್ ಹೆಚ್ಚು ವೋಲ್ಟಿನ ಮ್ಯಾಗ್ನೆಟೊ ಮತ್ತು ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ ರೂಪಿಸಿದರು. ಅದೇ ಬಾಷ್ ಜೊತೆಗೂಡಿ 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮ ಮೈಕೋ, ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆಯಿತು. ಎಷ್ಟೋ ಹಳ್ಳಿಯ ಗ್ಯಾರೇಜುಗಳಲ್ಲಿ ಪ್ಲಗ್ ಅಂದರೆ ಮೈಕೋ ಎಂದೇ ಆಗಿತ್ತು. ಕಂಪನಿಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಎಂದಾಯಿತು, ಬೆಂಗಳೂರಿನ ಬಡಾವಣೆಯೊಂದು ಇಂದಿಗೂ ಮೈಕೋ ಲೇಔಟ್.

ಬಿಚ್ಚಿದ ಪ್ಲಗ್ಗಿನ ಮೂತಿ ನೋಡಿ ಸಿಲಿಂಡರಿನ ಒಳಗಿನ ಸ್ಥಿತಿ ಓದಬಹುದು. ತಿಳಿಗಂದು ಇದ್ದರೆ ಕ್ಷೇಮ. ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಒದ್ದೆ ಪೆಟ್ರೋಲ್ ಇದ್ದರೆ ಆ ಸಿಲಿಂಡರಿಗೆ ಕಿಡಿ ಬಂದಿಲ್ಲ. ಸುಣ್ಣದ ಬಿಳುಪಿದ್ದರೆ ಗಾಳಿ ಜಾಸ್ತಿ ಅಥವಾ ಟೈಮಿಂಗ್ ಮುಂದೆ ಹೋಗಿದೆ. ಇಷ್ಟನ್ನು ಎಲ್ಲ ಮೇಸ್ತ್ರಿಗಳೂ ಬಲ್ಲರು. ಆದರೆ ಪ್ಲಗ್ಗನ್ನು ಎಂಜಿನ್ನಿನ ಮೇಲೆ ಮಲಗಿಸಿ ಕಿಡಿ ಬಂದದ್ದು ನೋಡಿ "ಪ್ಲಗ್ ಚಲೋ ಐತಿ" ಎಂದು ತೀರ್ಮಾನಿಸುವುದಿದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಅನಿಲದ ಒತ್ತಡ ಮತ್ತು ಸಂದಿನ ಅಗಲ ಎರಡರ ಗುಣಲಬ್ಧವೇ ಕಿಡಿ ಹಾರಲು ಬೇಕಾದ ವೋಲ್ಟೇಜನ್ನು ನಿರ್ಧರಿಸುತ್ತದೆ ಎಂದು ಫ್ರೀಡ್ರಿಕ್ ಪಾಶೆನ್ 1889ರಲ್ಲೇ ಪ್ರಯೋಗದಿಂದ ತೋರಿಸಿದ್ದರು. ಬಯಲಿನಲ್ಲಿ ಮೂರು ಸಾವಿರ ವೋಲ್ಟಿಗೆ ಹಾರುವ ಕಿಡಿಗೆ, ಸಿಲಿಂಡರಿನಲ್ಲಿ ಗಾಳಿ ಹಲವು ಪಟ್ಟು ಒತ್ತಿಕೊಂಡಾಗ ಅದರ ಮೂರು-ನಾಲ್ಕು ಪಟ್ಟು ಬೇಕಾಗುತ್ತದೆ. ಪಿಂಗಾಣಿಯಲ್ಲಿ ಕೂದಲಿನಷ್ಟು ಬಿರುಕಿದ್ದರೆ ಅಲ್ಲಿಂದಲೇ ಸೋರಿಹೋಗುತ್ತದೆ. ಅದಕ್ಕೇ ಗಾಡಿ ಖಾಲಿ ಓಡುವಾಗ ಸರಿಯಿದ್ದು, ಜನ ಹತ್ತಿ ಏರು ಬಂದಾಗ ಮಿಸ್ಸಿಂಗ್ ಹೊಡೆಯುವುದು. ಆಗ ಸಿಲಿಂಡರಿಗೆ ಹೆಚ್ಚು ಮಿಶ್ರಣ ತುಂಬಿ ಒತ್ತಡ ಏರಿರುತ್ತದೆ. ಅನುಮಾನ ಬಂದ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿ ಓಡಿಸುವುದು ನಂಬಬಹುದಾದ ಪರೀಕ್ಷೆ. ದೋಷವೂ ಜೊತೆಗೇ ಹೋದರೆ ತಪ್ಪು ಪ್ಲಗ್ಗಿನದು, ಇದ್ದಲ್ಲೇ ಉಳಿದರೆ ವೈರಿನದೋ ಸಿಲಿಂಡರಿನದೋ.

ಎಲ್ಲ ಸರಿಹೋದ ಮೇಲೆ ಸಂದು ಮತ್ತು ಟೈಮಿಂಗ್. ಅಂಬಾಸಡರಿನ 1489 ಸಿಸಿ ಎಂಜಿನ್ನಿಗೆ ಹೊಂದುವ ಲೂಕಾಸ್ ಡಿಸ್ಟ್ರಿಬ್ಯೂಟರಿನಲ್ಲಿ ಪಾಯಿಂಟಿನ ಸಂದು 0.35ರಿಂದ 0.40 ಮಿಲಿಮೀಟರ್, ಪ್ಲಗ್ಗಿನದು ಸುಮಾರು 0.64. ಸಂದು ಮೊದಲು, ಟೈಮಿಂಗ್ ಆಮೇಲೆ. ಈ ಕ್ರಮ ತಪ್ಪಬಾರದು. ಸಂದು ಹೆಚ್ಚಿದರೆ ಪಾಯಿಂಟ್ ಬೇಗ ಅಗಲುತ್ತದೆ, ಕಿಡಿ ಮುಂಚೆ ಬರುತ್ತದೆ. ಕಡಿಮೆಯಾದರೆ ತಡವಾಗುತ್ತದೆ. ಕ್ಯಾಮಿಗೆ ಉಜ್ಜುವ ನಾರಿನ ಕಾಲು ಸವೆದಂತೆಲ್ಲ ಸಂದು ತಾನಾಗಿಯೇ ಕುಗ್ಗುತ್ತ ಟೈಮಿಂಗ್ ಹಿಂದೆ ಬೀಳುತ್ತದೆ, ಎಂಜಿನ್ ಕಾಯುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಟೈಮಿಂಗ್ ಕೂರಿಸುವುದಕ್ಕೂ ಅದೇ ಬಲ್ಬು ಸಾಕು. ಪುಲ್ಲಿಯ ಗುರುತನ್ನು ಪುಸ್ತಕದಲ್ಲಿ ಹೇಳಿದ ಡಿಗ್ರಿಗೆ ನಿಲ್ಲಿಸಿ, ಡಿಸ್ಟ್ರಿಬ್ಯೂಟರಿನ ಮೈಯನ್ನು ಮೆಲ್ಲಗೆ ತಿರುಗಿಸುತ್ತ, ಆರಿದ್ದ ಬಲ್ಬು ಹತ್ತುವ ಕ್ಷಣದಲ್ಲಿ ಬೋಲ್ಟ್ ಬಿಗಿಯಬೇಕು.

ಈಚೆಗೆ ಹಲವರು ಪಾಯಿಂಟ್ ತೆಗೆದು, ಆ ಜಾಗದಲ್ಲಿ ಅಯಸ್ಕಾಂತ ಮತ್ತು ಟ್ರಾನ್ಸಿಸ್ಟರಿನ ಸಣ್ಣ ಮಾಡ್ಯೂಲ್ ಕೂರಿಸುತ್ತಿದ್ದಾರೆ. ಕಾಯಿಲ್ ಅದೇ, ಕಡಿಯುವ ಕೈ ಮಾತ್ರ ಬೇರೆ. ದಿನಾ ಓಡುವ ಗಾಡಿಗೆ ಇದು ಒಳ್ಳೆಯದೇ ಎಂದು ನನ್ನ ಅಭಿಪ್ರಾಯ. ಬಿಚ್ಚಿದ ಪಾಯಿಂಟನ್ನೂ ಕಂಡೆನ್ಸರನ್ನೂ ಎಸೆಯದೆ ಡಿಕ್ಕಿಯಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು, ಸಿಂದಗಿ, ಇಂಡಿಯ ರಸ್ತೆಯಲ್ಲಿ ಮಾಡ್ಯೂಲ್ ಕೈಕೊಟ್ಟರೆ ಅದು ಸಿಗುವುದು ಬಹಳ ದೂರದಲ್ಲಿ. ಕೊಳ್ಳುವ ಮುಂಚೆ ಒಂದನ್ನು ಮಾತ್ರ ನೋಡಲೇಬೇಕು. ಬ್ರಿಟಿಷ್ ಮೂಲದ ಹಳೆಯ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ಕೊನೆಯನ್ನು ಚಾಸಿಗೆ ಜೋಡಿಸುವ ರೂಢಿಯಿತ್ತು. ಇಂದು ಅಂಗಡಿಯಲ್ಲಿ ಸಿಗುವ ಮಾಡ್ಯೂಲುಗಳು ಹೆಚ್ಚಾಗಿ ನೆಗೆಟಿವ್ ಚಾಸಿಗೆ ಇರುವಂಥವು, ತಿರುವುಮುರುವು ಜೋಡಿಸಿದರೆ ಚಾವಿ ತಿರುಗಿಸಿದ ಕ್ಷಣವೇ ಸುಟ್ಟುಹೋಗುತ್ತವೆ. ನಡುವೆ ಯಾರಾದರೂ ಬ್ಯಾಟರಿಯ ದಿಕ್ಕು ಬದಲಿಸಿದ್ದರೆ ಕಾಯಿಲಿನ ಎರಡು ವೈರುಗಳನ್ನೂ ಅದಲುಬದಲು ಮಾಡಿದ್ದಾರೆಯೇ ಎಂದು ನೋಡಿ. ಮಾಡಿರದಿದ್ದರೆ ಪ್ಲಗ್ಗಿನ ಕಾದ ನಡುತುದಿಯಿಂದ ಹೊರಡಬೇಕಾದ ಎಲೆಕ್ಟ್ರಾನುಗಳು ತಣ್ಣಗಿನ ಹೊರತುದಿಯಿಂದ ಹೊರಡುತ್ತಿರುತ್ತವೆ, ಪ್ರತಿ ಕಿಡಿಗೂ ಹೆಚ್ಚು ವೋಲ್ಟ್ ಬೇಕಾಗುತ್ತದೆ.